ಕೈತೋಟ: ಕತ್ತಲು ಬೇಡುವ ಕಲಂಚೋ

ಎರಡು ವರ್ಷಗಳ ಹಿಂದಿನ ಮಾತು. ಕರಿಬೇವಿನ ಸಸಿಯೊಂದನ್ನು ತರೋಣವೆಂದು ನರ್ಸರಿಗೆ ಹೋದವಳು, ಬರುವಾಗ ಕಲಂಚೋ ಗಿಡದ ಮೂರು ಕುಂಡಗಳನ್ನು ಹಿಡಿದುಕೊಂಡು ಬಂದೆ. ಕರಿಬೇವು ಮರೆತೇ ಹೋಗಿತ್ತು. ತಪ್ಪು ನನ್ನದಲ್ಲ, ಆ ಗಿಡದ್ದು. ಗೇಣುದ್ದವೂ ಇಲ್ಲದ ಪುಟ್ಟ ಗಿಡ. ಅಂಚು ಕತ್ತರಿಸಿದಂತಿರುವ ದಪ್ಪ ಹಸಿರೆಲೆಗಳು. ಅವುಗಳ ಮೇಲೆ ಮುಷ್ಟಿ ತುಂಬುವಷ್ಟು ಹೂಗೊಂಚಲು. ಒಂದು ಕುಂಡದಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ಕಿತ್ತಳೆ. "ಇದು ಹೊಸ ಗಿಡ್ಡ ತಳಿ ಅಕ್ಕಾ, ಇದಕ್ಕಿಂತ ಎತ್ತರ ಹೋಗುವುದಿಲ್ಲ" ಎಂದು ನರ್ಸರಿಯ ಹುಡುಗ ಭರವಸೆಯನ್ನೂ ಕೊಟ್ಟ.

ಮನೆಯಲ್ಲಿ ಉಮ್ಮನಿಗೆ ಬಹಳ ಹಿಡಿಸಿತು. ಸಿಟೌಟಿನ ದಂಡೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟೆವು. ಸುಮಾರು ಎರಡು ತಿಂಗಳ ಕಾಲ ಹೂ ಬಾಡಲಿಲ್ಲ. ಬಂದವರೆಲ್ಲ ಕೇಳುವವರೇ. ಬೇಸಿಗೆಯಲ್ಲಿ ಹೂ ಒಣಗಿದ ಮೇಲೆ ತೆನೆಗಳನ್ನು ಕತ್ತರಿಸಿದೆ. ಮಳೆಗಾಲದಲ್ಲಿ ದಂಡೆಯ ಮೇಲೆ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಜಾಗ ಸಾಲದೆ, ಕಿತ್ತಳೆ ಬಣ್ಣದ ಕುಂಡವನ್ನು ಹಿತ್ತಿಲಿನಲ್ಲಿ ಸೌದೆಕೊಟ್ಟಿಗೆಯ ಮಾಡಿನಡಿ ಇಟ್ಟು ಅದನ್ನು ಮರೆತುಬಿಟ್ಟೆ ಎಂದೇ ಹೇಳಬೇಕು.

ಮರುವರ್ಷ ಜನವರಿ ಬಂತು. ದಂಡೆಯ ಮೇಲಿದ್ದ ಎರಡು ಗಿಡಗಳು ಮೊಳದುದ್ದ ಬೆಳೆದು, ಒಂದು ಬದಿಗೆ ವಾಲಿ ನಿಂತಿದ್ದವು. ಹೂವಿರಲಿ, ಮೊಗ್ಗಿನ ಸುಳಿವೂ ಇರಲಿಲ್ಲ. ಹಿತ್ತಿಲಿಗೆ ತಳ್ಳಿದ ಮೂರನೆಯದೂ ಎತ್ತರವಾಗಿಯೇ ಬೆಳೆದಿತ್ತು. ಆದರೆ ತಲೆಯ ತುಂಬ ಹೂ! ನಾನು ದಿನವೂ ಮಾತಾಡಿಸಿ ನೀರು ಹಾಕಿದ ಗಿಡಗಳು ಮುನಿಸಿಕೊಂಡಿದ್ದವು. ಮರೆತು ಹೋದ ಗಿಡ ನಗುತ್ತಿತ್ತು.

ಮೂರೂ ಕುಂಡಗಳಿಗೆ ಹಾಕಿದ್ದು ಒಂದೇ ಮಣ್ಣು, ಒಂದೇ ಗೊಬ್ಬರ. ಹಾಗಾದರೆ ವ್ಯತ್ಯಾಸ ಎಲ್ಲಿ? ಗಿಡ್ಡ ತಳಿ ಎಂದು ತಂದದ್ದು ಎತ್ತರವಾದದ್ದೇಕೆ? ಎರಡು ಗಿಡ ಹೂ ಬಿಡದೆ ಒಂದು ಮಾತ್ರ ಬಿಟ್ಟದ್ದೇಕೆ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ಈ ತಿಂಗಳು ಹಂಚಿಕೊಳ್ಳುತ್ತೇನೆ. ಕಲಂಚೋ ತಂದು ಒಮ್ಮೆ ಹೂ ನೋಡಿ, ಮತ್ತೆ ಹೂ ಕಾಣದೆ ಗಿಡವನ್ನು ಎಸೆದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗಿದು ಉಪಯೋಗವಾದೀತು.

ಕಾಡುಬಸಳೆಯ ನಂಟು

ಕಲಂಚೋ ಎಂಬ ಹೆಸರು ಹೊಸದೆನಿಸಿದರೂ ಅದರ ಬಂಧುವೊಂದು ನಮಗೆಲ್ಲ ಗೊತ್ತು. ಶಾಲೆಗೆ ಹೋಗುವಾಗ ಪುಸ್ತಕದ ನಡುವೆ ಒಂದು ದಪ್ಪ ಎಲೆ ಇಟ್ಟು, ನಾಲ್ಕು ದಿನ ಬಿಟ್ಟು ನೋಡಿದರೆ ಅಂಚಿನಲ್ಲಿ ಮರಿಗಿಡಗಳು ಮೊಳೆತಿರುತ್ತಿದ್ದವಲ್ಲ, ಆ ಕಾಡುಬಸಳೆ. ಪರ್ಣಬೀಜ ಎಂದೂ ಅದನ್ನು ಕರೆಯುತ್ತಾರೆ. ಕಲಂಚೋ ಅದೇ ಕುಲದ ಗಿಡ. ಎರಡರ ತವರೂ ಆಫ್ರಿಕಾದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ.

ನಾವು ಕುಂಡದಲ್ಲಿ ಬೆಳೆಸುವ ಹೂವಿನ ಕಲಂಚೋ ಆ ದ್ವೀಪದ ಉತ್ತರದಲ್ಲಿರುವ ತ್ಸಾರತನಾನ ಎಂಬ ಎತ್ತರದ ಬೆಟ್ಟಸಾಲಿನದು. ಮಡಗಾಸ್ಕರಿನ ಅತಿ ಎತ್ತರದ ಶಿಖರ ಇರುವುದು ಅಲ್ಲೇ, 2876 ಮೀಟರ್. ಫ್ರೆಂಚ್ ಸಸ್ಯವಿಜ್ಞಾನಿ ಪೆರಿಯೆ ದ ಲಾ ಬಾತಿ ಅವರ ಮೂಲಕ 1924ರಲ್ಲಿ ಈ ಗಿಡ ಪ್ಯಾರಿಸ್ ತಲುಪಿತು. 1932ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ಊರಿನ ಬೀಜವ್ಯಾಪಾರಿ ರಾಬರ್ಟ್ ಬ್ಲಾಸ್‌ಫೆಲ್ಡ್ ಅದನ್ನು ಮಾರುಕಟ್ಟೆಗೆ ತಂದರು. ಗಿಡದ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಅವರ ಹೆಸರು ಉಳಿದಿದೆ, ಕಲಂಚೋ ಬ್ಲಾಸ್‌ಫೆಲ್ಡಿಯಾನ.

ಅಂದು ಬಂದದ್ದು ನಾಲ್ಕು ದಳದ ಸಣ್ಣ ಕೆಂಪು ಹೂವಿನ ಗಿಡ. ಅದನ್ನು ಇತರ ಜಾತಿಯ ಕಲಂಚೋಗಳೊಂದಿಗೆ ಸಂಕರ ಮಾಡಿ, ಆರಿಸಿ, ಮತ್ತೆ ಸಂಕರ ಮಾಡಿ ಹಳದಿ, ಬಿಳಿ, ಗುಲಾಬಿ, ಕಿತ್ತಳೆ ಎಂದು ಎಷ್ಟೋ ಬಣ್ಣಗಳನ್ನು ಪಡೆದರು. ಟಾಮ್ ಥಂಬ್ ಎಂಬ ಗಿಡ್ಡ ತಳಿ ಹೆಸರುವಾಸಿಯಾಯಿತು. 2000ದ ದಶಕದ ಮೊದಲ ವರ್ಷಗಳಲ್ಲಿ ಪುಟ್ಟ ಗುಲಾಬಿಯಂತೆ ದಳಗಳು ತುಂಬಿದ ಹೂವಿನ ಕಲಂದಿವಾ ಬಂತು. ನಮ್ಮ ನರ್ಸರಿಗಳಲ್ಲಿ ಒಂಟಿದಳದ್ದೂ ಕಲಂದಿವಾವೂ ಎರಡೂ ಸಿಗುತ್ತವೆ.

ಈ ಗಿಡಗಳ ದಪ್ಪ ಎಲೆಯೊಳಗೆ ಒಂದು ಸೋಜಿಗವಿದೆ. ಅದನ್ನು ಗುರುತಿಸಿದವರಲ್ಲಿ ಒಬ್ಬರಿಗೆ ನಮ್ಮ ಬೆಂಗಳೂರಿನ ನಂಟು. ಹೈದರಾಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ದೂರದೇಶಗಳ ಗಿಡಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗ್, 1799ರ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. ಆ ಕಾಲದಲ್ಲಿ ಅದರ ಉಸ್ತುವಾರಿ ನೋಡಿದವರಲ್ಲಿ ಬೆಂಜಮಿನ್ ಹೇಯ್ನ್ ಎಂಬ ವೈದ್ಯರೂ ಒಬ್ಬರು. ಭಾರತದ ತೋಟಗಳಲ್ಲಿ ಬೆಳೆಯುತ್ತಿದ್ದ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ ಎಂಬುದನ್ನು ಅವರು ರುಚಿ ನೋಡಿಯೇ ಕಂಡುಕೊಂಡಿದ್ದರು. 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಪತ್ರದ ಮೂಲಕ ಇದನ್ನು ತಿಳಿಸಿದರು.

ಕಾರಣ ಇಷ್ಟೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಎಳೆದುಕೊಳ್ಳುತ್ತವೆ. ಬಿಸಿಲಿನಲ್ಲಿ ಹಾಗೆ ತೆರೆದರೆ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಕಲಂಚೋ ಜಾತಿಯವು ಜಾಣತನದಿಂದ ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಒಳಬಂದದ್ದನ್ನು ಹುಳಿಯ ರೂಪದಲ್ಲಿ ಎಲೆಯಲ್ಲಿ ಕೂಡಿಡುತ್ತವೆ. ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದರಿಂದ ಆಹಾರ ತಯಾರಿಸುತ್ತವೆ. ಅದಕ್ಕೇ ಬೆಳಗಿನ ಹುಳಿ ಮಧ್ಯಾಹ್ನಕ್ಕೆ ಇರುವುದಿಲ್ಲ. ಅದಕ್ಕೇ ಈ ಗಿಡ ವಾರಗಟ್ಟಲೆ ನೀರಿಲ್ಲದೆಯೂ ಬದುಕುತ್ತದೆ. ಓದಿದಿರೆಂದು ನೀವು ಎಲೆ ಜಗಿದು ನೋಡಲು ಹೋಗಬೇಡಿ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಗಿಡ್ಡವಾಗಿರುವುದರ ಗುಟ್ಟು

ಈಗ ಮೊದಲ ಪ್ರಶ್ನೆ. ಹೂಗಿಡದ ವ್ಯಾಪಾರದಲ್ಲಿ ಗಿಡ್ಡತನಕ್ಕೆ ದೊಡ್ಡ ಬೆಲೆ. ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳಲ್ಲಿ ಗಾಜಿನ ಮನೆಗಳೊಳಗೆ ಲಕ್ಷಗಟ್ಟಲೆ ಕಲಂಚೋ ಬೆಳೆದು, ತಟ್ಟೆಗಳಲ್ಲಿ ಜೋಡಿಸಿ ಲಾರಿಯಲ್ಲಿ ದೂರದೂರಿಗೆ ಕಳಿಸುತ್ತಾರೆ. ಉದ್ದ ಬೆಳೆದ ಗಿಡ ದಾರಿಯಲ್ಲಿ ಮುರಿಯುತ್ತದೆ, ಜಾಗವನ್ನೂ ಹಿಡಿಯುತ್ತದೆ. ಕಿಟಕಿಯ ದಂಡೆಯ ಮೇಲೆ ಇಡುವವರಿಗೂ ಬೇಕಾದದ್ದು ಬುಟ್ಟಿಯಂತೆ ದುಂಡಗಿರುವ ಗಿಡ. ಹಾಗಾಗಿ ಗಿಡವನ್ನು ಕುಳ್ಳಾಗಿಸಲು ಮೂರು ದಾರಿಗಳನ್ನು ಹಿಡಿದಿದ್ದಾರೆ.

ಮೊದಲನೆಯದು ಆಯ್ಕೆಯ ದಾರಿ. ಸಾವಿರಾರು ಸಸಿಗಳಲ್ಲಿ ಸ್ವಭಾವದಿಂದಲೇ ಕುಳ್ಳಾಗಿ, ಹೆಚ್ಚು ಕವಲೊಡೆಯುವುದನ್ನು ಆರಿಸಿ, ಅದರ ಕಡ್ಡಿಗಳನ್ನೇ ನೆಟ್ಟು ಹೆಚ್ಚಿಸುವುದು. ನಿಧಾನದ ಕೆಲಸ. ಆದರೆ ಹೀಗೆ ಬಂದ ಗಿಡ್ಡತನ ಗಿಡದ ಹುಟ್ಟುಗುಣ.

ಎರಡನೆಯದು ಔಷಧಿಯ ದಾರಿ. ಗಿಡದ ಕಾಂಡ ಉದ್ದವಾಗುವುದು ಅದರೊಳಗೆ ತಯಾರಾಗುವ ಜಿಬ್ಬರೆಲಿನ್ ಎಂಬ ರಸದಿಂದ. ಅದನ್ನು ತಡೆಯುವ ರಾಸಾಯನಿಕಗಳಿವೆ. ಪ್ಯಾಕ್ಲೊಬ್ಯುಟ್ರಝಾಲ್ ಅಂಥದ್ದೊಂದು. ಮಾವು ಬೆಳೆಯುವವರಿಗೆ ಅದು ಕಲ್ಟಾರ್ ಎಂಬ ಹೆಸರಿನಲ್ಲಿ ಚೆನ್ನಾಗಿ ಗೊತ್ತು. ಡಾಮಿನೊಝೈಡ್ ಇನ್ನೊಂದು. ಹಿಂದೆ ಅದನ್ನು ಸೇಬಿನ ತೋಟಗಳಲ್ಲೂ ಬಳಸುತ್ತಿದ್ದರು. ಆರೋಗ್ಯದ ಆತಂಕ ಎದ್ದ ಮೇಲೆ 1989ರಲ್ಲಿ ಅಮೆರಿಕದಲ್ಲಿ ಆಹಾರದ ಬೆಳೆಗಳಿಂದ ಅದನ್ನು ಹಿಂತೆಗೆದುಕೊಂಡರು. ಅಲಂಕಾರದ ಗಿಡಗಳಲ್ಲಿ ಅದರ ಬಳಕೆ ಮುಂದುವರಿಯಿತು. ಇಂಥ ಔಷಧಿ ಉಣಿಸಿದ ಗಿಡ ಅಂಗಡಿಯಲ್ಲಿ ಕುಳ್ಳಾಗಿ, ಅಂದವಾಗಿ ಕಾಣುತ್ತದೆ. ಕೆಲವು ತಿಂಗಳಲ್ಲಿ ಔಷಧಿಯ ಪ್ರಭಾವ ಇಳಿಯುತ್ತದೆ. ಬಳಿಕ ಬರುವ ಚಿಗುರು ತನ್ನ ನಿಜವಾದ ಎತ್ತರಕ್ಕೆ ಬೆಳೆಯುತ್ತದೆ. ನನ್ನ ಮೂರು ಗಿಡಗಳೂ ಎತ್ತರವಾದದ್ದಕ್ಕೆ ಇದೂ ಒಂದು ಕಾರಣವಿರಬಹುದು. ಅವುಗಳ ಕುಡಿಗಳನ್ನು ಒಮ್ಮೆಯೂ ಚಿವುಟದೆ ಬಿಟ್ಟ ನನ್ನ ತಪ್ಪಂತೂ ಖಂಡಿತ ಇದೆ.

ಮೂರನೆಯ ದಾರಿ ಹೊಸದು. ಮಣ್ಣಿನಲ್ಲಿ ರೈಜೋಬಿಯಂ ರೈಜೋಜೆನಿಸ್ ಎಂಬ ಬ್ಯಾಕ್ಟೀರಿಯಾ ಇದೆ. ಅದು ಗಿಡದ ಗಾಯದೊಳಗೆ ಹೊಕ್ಕು, ತನ್ನ ಕೆಲವು ಜೀನ್‌ಗಳನ್ನು ಗಿಡದ ಜೀವಕೋಶಕ್ಕೆ ಸೇರಿಸಿಬಿಡುತ್ತದೆ. ಆ ಜಾಗದಲ್ಲಿ ಕೂದಲಿನಂಥ ಬೇರುಗಳು ಮೂಡುತ್ತವೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಕಲಂಚೋದಲ್ಲಿ ಇಂಥ ಬೇರುಗಳಿಂದ ಮತ್ತೆ ಗಿಡಗಳನ್ನು ಎಬ್ಬಿಸಿದರು. ಆ ಗಿಡಗಳು ತಾಯಿಗಿಡಕ್ಕಿಂತ ಕುಳ್ಳಾಗಿದ್ದವು. ಈ ಕೆಲಸದ ವರದಿ 2008ರಲ್ಲಿ ಪ್ರಕಟವಾಯಿತು. ಗಿಡ್ಡಗೊಳಿಸುವ ಔಷಧಿಯನ್ನು ಸುರಿಯದೆಯೇ ಗಿಡ್ಡ ತಳಿ ಪಡೆಯುವುದು ಅವರ ಉದ್ದೇಶವಾಗಿತ್ತು. ಬ್ಯಾಕ್ಟೀರಿಯಾದ ಜೀನ್ ಎಂದೊಡನೆ ಹೆದರಬೇಕಿಲ್ಲ. ಈ ಬಗೆಯ ಬ್ಯಾಕ್ಟೀರಿಯಾಗಳ ಜೀನ್‌ಗಳು ನಾವು ಬೇಯಿಸಿ ತಿನ್ನುವ ಗೆಣಸಿನಲ್ಲಿ ಮನುಷ್ಯನ ಕೈವಾಡವಿಲ್ಲದೆ, ಬಹಳ ಹಿಂದೆಯೇ ಸೇರಿಕೊಂಡಿವೆ ಎಂಬುದು 2015ರಲ್ಲಿ ಬೆಳಕಿಗೆ ಬಂತು.

ಹಾಗಾದರೆ ನಾವು ಕೊಳ್ಳುವ ಗಿಡ ಯಾವ ದಾರಿಯಲ್ಲಿ ಗಿಡ್ಡವಾದದ್ದು? ಎಲೆ ನೋಡಿ ಹೇಳಲಾಗದು. ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ, ಅವರೂ ಬೇರೆ ಕಡೆಯಿಂದ ತಂದವರು. ಒಂದೇ ಪರೀಕ್ಷೆ ಇದೆ. ಕಡ್ಡಿ ನೆಟ್ಟು ನಿಮ್ಮ ಮನೆಯಲ್ಲೇ ಒಂದು ಮರಿಗಿಡ ಮಾಡಿ, ಒಳ್ಳೆಯ ಬಿಸಿಲಿನಲ್ಲಿ ಬೆಳೆಸಿ. ಅದೂ ಗಿಡ್ಡವಾಗಿಯೇ ಬೆಳೆದರೆ ಗುಣ ತಳಿಯದ್ದು. ಉದ್ದವಾದರೆ ಔಷಧಿಯದ್ದು. ಉದ್ದವಾದರೂ ಬೇಸರ ಬೇಡ. ಕುಡಿ ಚಿವುಟುವ ಬೆರಳಿದ್ದರೆ ಔಷಧಿ ಇಲ್ಲದೆಯೂ ಗಿಡವನ್ನು ಅಂಕೆಯಲ್ಲಿ ಇಡಬಹುದು.

ಹೂ ಬಿಡಲು ಕತ್ತಲು ಬೇಕು

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಸಿಟೌಟಿನ ದೀಪದಲ್ಲಿತ್ತು.

ಕೆಲವು ಗಿಡಗಳು ಹೂ ಬಿಡುವ ಕಾಲವನ್ನು ರಾತ್ರಿಯ ಉದ್ದದಿಂದ ತಿಳಿದುಕೊಳ್ಳುತ್ತವೆ. ಸೇವಂತಿಗೆ ಅಂಥದ್ದು, ಕಲಂಚೋ ಕೂಡ ಅಂಥದ್ದೇ. ರಾತ್ರಿ ಸುಮಾರು ಹನ್ನೆರಡು ಗಂಟೆಗಿಂತ ಉದ್ದವಾಗಿ, ಹಲವು ವಾರ ಹಾಗೆಯೇ ಮುಂದುವರಿದರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಆ ಕತ್ತಲು ಅಖಂಡವಾಗಿಯೂ ಇರಬೇಕು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿದರೂ ಗಿಡದ ಲೆಕ್ಕದಲ್ಲಿ ಒಂದು ಉದ್ದದ ರಾತ್ರಿ ಮುರಿದು ಎರಡು ಗಿಡ್ಡ ರಾತ್ರಿಗಳಾಗುತ್ತದೆ.

ಗಾಜಿನ ಮನೆಯವರು ಈ ಗುಣವನ್ನೇ ಹಿಡಿದುಕೊಂಡು ವರ್ಷವಿಡೀ ಹೂ ಪಡೆಯುತ್ತಾರೆ. ಸಂಜೆ ಕಪ್ಪು ಪರದೆ ಎಳೆದು, ಬೆಳಿಗ್ಗೆ ಸರಿಸಿ, ದಿನಕ್ಕೆ ಹದಿನಾಲ್ಕು ಗಂಟೆ ಕತ್ತಲು ಕೊಡುತ್ತಾರೆ. ನರ್ಸರಿಯಲ್ಲಿ ಯಾವ ತಿಂಗಳಲ್ಲಿ ಹೋದರೂ ಹೂಬಿಟ್ಟ ಕಲಂಚೋ ಕಾಣುವುದಕ್ಕೆ ಇದೇ ಕಾರಣ.

ನಮ್ಮ ಕರ್ನಾಟಕದಲ್ಲಿ ಡಿಸೆಂಬರ್ ಕೊನೆಯ ಅತ್ಯಂತ ಗಿಡ್ಡ ಹಗಲೂ ಮಂಗಳೂರಿನಲ್ಲಿ ಸುಮಾರು ಹನ್ನೊಂದೂವರೆ ಗಂಟೆ, ಬೀದರಿನಲ್ಲಿ ಸುಮಾರು ಹನ್ನೊಂದು ಗಂಟೆ. ಅಂದರೆ ನಮ್ಮ ಚಳಿಗಾಲದ ರಾತ್ರಿ ಈ ಗಿಡಕ್ಕೆ ಬೇಕಾದಷ್ಟೇ ಉದ್ದ, ಅದಕ್ಕಿಂತ ಬಹಳ ಹೆಚ್ಚೇನೂ ಇಲ್ಲ. ಮೋಡದಾಟ, ಮುಸ್ಸಂಜೆಯ ಬೆಳಕು ಎಲ್ಲ ಕಳೆದು ಉಳಿಯುವುದೇ ಸ್ವಲ್ಪ. ಅದರಲ್ಲೂ ನಾವು ಒಂದು ಬಲ್ಬು ಉರಿಸಿದರೆ ಗಿಡದ ಪಾಲಿಗೆ ಚಳಿಗಾಲವೇ ಬರಲಿಲ್ಲವೆಂದಾಯಿತು.

ನಮ್ಮ ಮನೆಯಲ್ಲಿ ಸಿಟೌಟಿನ ದೀಪ ರಾತ್ರಿ ಹನ್ನೆರಡರವರೆಗೂ ಉರಿಯುತ್ತದೆ. ತಮ್ಮನಿಗೆ ಪೇಟೆಯಲ್ಲಿ ಅಂಗಡಿ. ಬಾಗಿಲು ಹಾಕಿ, ಲೆಕ್ಕ ಮುಗಿಸಿ, ಬೈಕಿನಲ್ಲಿ ಬರುವಾಗ ಹೊತ್ತು ಮೀರುತ್ತದೆ. ಹಿಂದೊಮ್ಮೆ ದೀಪವಿಲ್ಲದ ರಾತ್ರಿ ಗೇಟಿನ ಬಳಿ ಬೈಕ್ ಜಾರಿ ಬಿದ್ದು ಕೈಮೂಳೆ ಮುರಿದುಕೊಂಡಿದ್ದ. ಅಂದಿನಿಂದ ಅವನು ಒಳಗೆ ಬಂದು ಬಾಗಿಲು ಹಾಕುವವರೆಗೆ ಉಮ್ಮ ಆ ದೀಪ ಆರಿಸಿದವರಲ್ಲ. ಹಿತ್ತಿಲಿನ ಸೌದೆಕೊಟ್ಟಿಗೆಯ ಕಡೆಗೆ ದೀಪವೇ ಇಲ್ಲ. ಅಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ, ಸಂಜೆಯಾದರೆ ಕತ್ತಲು. ಮರೆತು ಬಿಟ್ಟ ಗಿಡಕ್ಕೆ ಬೇಕಾದದ್ದು ತಾನಾಗಿ ಸಿಕ್ಕಿತ್ತು.

ಇದನ್ನು ಉಮ್ಮನಿಗೆ ಹೇಳಿದಾಗ ಅವರು ನಂಬಲಿಲ್ಲ. "ಗಿಡಕ್ಕೆ ಕಣ್ಣಿದೆಯೇ ಮಗಳೇ, ದೀಪ ನೋಡಿ ಕೂರಲು?" ಎಂದರು. ಕಣ್ಣಿಲ್ಲ, ಆದರೆ ಬೆಳಕನ್ನು ಗುರುತಿಸುವ ವರ್ಣದ್ರವ್ಯ ಎಲೆಯಲ್ಲಿದೆ ಎಂದೆ. ಅವರು ನಕ್ಕು ಸುಮ್ಮನಾದರು.

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಗೇಟಿನ ದೀಪ, ಬೀದಿಯ ಕಂಬದ ದೀಪ, ಅಡುಗೆಮನೆಯ ಕಿಟಕಿಯ ಟ್ಯೂಬ್‌ಲೈಟ್, ಇವು ಯಾವುವೂ ಬೀಳದ ಮೂಲೆಯನ್ನು ಹುಡುಕಿ. ಅಕ್ಟೋಬರ್ ಆರಂಭದಿಂದ ಮೊಗ್ಗು ಕಾಣುವವರೆಗೆ ಕುಂಡವನ್ನು ಅಲ್ಲಿಡಿ. ಫ್ಲಾಟುಗಳಲ್ಲಿ ಅಂಥ ಮೂಲೆ ಸಿಗದಿದ್ದರೆ ಒಂದು ರಟ್ಟಿನ ಪೆಟ್ಟಿಗೆ ಸಾಕು. ಸಂಜೆ ಆರು ಗಂಟೆಗೆ ಗಿಡದ ಮೇಲೆ ಮಗುಚಿಡಿ, ಬೆಳಿಗ್ಗೆ ಎಂಟು ಗಂಟೆಗೆ ತೆಗೆಯಿರಿ. ಹಗಲು ಚೆನ್ನಾಗಿ ಬೆಳಕು ಬೀಳಲಿ. ಆರು ವಾರ ಒಂದು ದಿನವೂ ತಪ್ಪದೆ ಹೀಗೆ ಮಾಡಿ. ಮೊಗ್ಗು ಎದ್ದ ಮೇಲೆ ಎಲ್ಲಿ ಬೇಕಾದರೂ ಇಡಬಹುದು, ಆಮೇಲೆ ದೀಪದ ಭಯವಿಲ್ಲ.

ಕತ್ತಲು ಕೊಡಲು ಆರಂಭಿಸಿದ ದಿನದಿಂದ ಹೂ ಅರಳಲು ಸುಮಾರು ಮೂರು ತಿಂಗಳು ಬೇಕು. ನಮ್ಮ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಋತುವಿನ ಹೂವನ್ನು ನಂಬಿ ಕೂರುವಂತಿಲ್ಲ. ಪೆರ್ನಾಲಿಗೋ ಮದುವೆಗೋ ಹೂ ಬೇಕೆಂದರೆ ಆ ದಿನದಿಂದ ಹದಿಮೂರು ವಾರ ಹಿಂದಕ್ಕೆ ಎಣಿಸಿ ಪೆಟ್ಟಿಗೆ ಮುಚ್ಚಲು ಆರಂಭಿಸಿ. ಬಿರುಬೇಸಿಗೆಯಲ್ಲಿ ಮಾತ್ರ ಈ ಲೆಕ್ಕ ಕೈಕೊಡಬಹುದು. ಬೆಟ್ಟದ ಗಿಡವಾದ್ದರಿಂದ ರಾತ್ರಿಯ ಸೆಕೆಯಲ್ಲಿ ಅದು ಮೊಗ್ಗು ಕಟ್ಟಲು ತಡಮಾಡುತ್ತದೆ. ಕೊಡಗು, ಚಿಕ್ಕಮಗಳೂರು, ಬೆಂಗಳೂರಿನವರಿಗೆ ಕರಾವಳಿಯವರಿಗಿಂತ ಈ ಗಿಡ ಹೆಚ್ಚು ಒಲಿಯುವುದು ಇದರಿಂದಲೇ.

ನಮ್ಮಲ್ಲಿ ಬೆಳೆಸುವ ಬಗೆ

ಕೊಳ್ಳುವಾಗ ಹೂ ಪೂರ್ತಿ ಅರಳಿದ ಗಿಡಕ್ಕಿಂತ ಮೊಗ್ಗು ಹೆಚ್ಚಿರುವ ಗಿಡವನ್ನು ಆರಿಸಿ. ಎಲೆಯ ಬುಡವನ್ನು ಬಿಡಿಸಿ ನೋಡಿ. ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಅದು ಹಿಟ್ಟುತಿಗಣೆ, ಮನೆಗೆ ತರಬೇಡಿ. ಕಾಂಡದ ಬುಡ ಗಟ್ಟಿಯಾಗಿರಬೇಕು. ಒತ್ತಿದರೆ ಮೆತ್ತಗಿದ್ದರೆ ಒಳಗೆ ಕೊಳೆತಿದೆ ಎಂದರ್ಥ.

ನರ್ಸರಿಯಿಂದ ಬರುವ ಗಿಡ ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದಿರುತ್ತದೆ. ಅದು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಹೂ ಮುಗಿದ ಮೇಲೆ ಕುಂಡ ಬದಲಿಸಿ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಹೊಯ್ಗೆ, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಇಲ್ಲವೇ ಎರೆಗೊಬ್ಬರ, ಮೇಲೆ ಒಂದು ಹಿಡಿ ಇದ್ದಿಲ ಚೂರು. ಹೊಯ್ಗೆ ಸಿಗದಿದ್ದರೆ ಹೆಂಚು ಅಥವಾ ಇಟ್ಟಿಗೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಹಾಕಬಹುದು. ಮಣ್ಣಿನ ಕುಂಡ ಒಳ್ಳೆಯದು. ತಳದ ತೂತು ಮುಚ್ಚಿಹೋಗದಂತೆ ಹೆಂಚಿನ ತುಂಡು ಇಡಿ. ಕುಂಡ ದೊಡ್ಡದಾಗುವುದು ಬೇಡ. ಗಿಡಕ್ಕಿಂತ ಕುಂಡ ದೊಡ್ಡದಾದರೆ ನೀರು ಆರುವುದಿಲ್ಲ.

ಬೆಳಗಿನ ಮೂರು ನಾಲ್ಕು ಗಂಟೆಯ ಬಿಸಿಲು ಬೇಕೇ ಬೇಕು. ಬೆಳಕು ಕಡಿಮೆಯಾದರೆ ಯಾವ ಗಿಡ್ಡ ತಳಿಯೂ ಕುತ್ತಿಗೆ ಚಾಚಿ ಉದ್ದವಾಗುತ್ತದೆ. ಏಪ್ರಿಲ್, ಮೇ ತಿಂಗಳ ನಡುಹಗಲಿನ ಬಿಸಿಲಿಗೆ ಎಲೆ ಕೆಂಪಾಗಿ ಸುಡುತ್ತದೆ, ಆಗ ನೆರಳಿಗೆ ಸರಿಸಿ.

ನೀರಿನ ವಿಷಯದಲ್ಲಿ ಕೈ ಬಿಗಿ ಇರಲಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು ಹಾಕಿ, ತಳದಿಂದ ಹರಿದುಹೋಗುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಎಲೆ, ಹೂಗಳ ಮೇಲೆ ಸುರಿಯಬೇಡಿ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಕಲಂಚೋ ಸಾಯುವುದು ಬಾಯಾರಿಕೆಯಿಂದಲ್ಲ, ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಿಂದ. ಮೊದಲ ಮಳೆಗೆ ಮುನ್ನ ಕುಂಡಗಳನ್ನು ಮಾಡಿನಡಿಗೆ ಸೇರಿಸಿ. ಆ ಮೂರು ತಿಂಗಳಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಹಾಕಿದರೂ ನಡೆಯುತ್ತದೆ.

ಹೂ ಒಣಗಿದೊಡನೆ ತೆನೆಯನ್ನು ಎರಡು ಜೊತೆ ಎಲೆಯ ಕೆಳಗೆ ಕತ್ತರಿಸಿ. ಪಕ್ಕದಿಂದ ಕವಲು ಬರುತ್ತದೆ. ಕವಲಿಗೆ ಮೂರು ನಾಲ್ಕು ಜೊತೆ ಎಲೆ ಬಂದಾಗ ಅದರ ಕುಡಿಯನ್ನೂ ಚಿವುಟಿ. ಹೀಗೆ ಎರಡು ಮೂರು ಸಲ ಮಾಡಿದರೆ ಗಿಡ ತಾನಾಗಿ ದುಂಡಗಾಗುತ್ತದೆ. ಆದರೆ ಸೆಪ್ಟೆಂಬರ್ ನಡುವಿನ ಬಳಿಕ ಚಿವುಟಬೇಡಿ, ಮೊಗ್ಗು ಕಟ್ಟುವ ತುದಿಯೇ ಹೋದೀತು.

ಕತ್ತರಿಸಿದ ಕಡ್ಡಿಗಳನ್ನು ವ್ಯರ್ಥ ಮಾಡಬೇಡಿ. ಬೆರಳುದ್ದದ ಕಡ್ಡಿಯ ಕೆಳಗಿನ ಎಲೆ ತೆಗೆದು, ಒಂದೆರಡು ದಿನ ನೆರಳಿನಲ್ಲಿ ಗಾಯ ಒಣಗಲು ಬಿಡಿ. ಆಮೇಲೆ ಹೊಯ್ಗೆ ಬೆರೆತ ಮಣ್ಣಿನಲ್ಲಿ ಊರಿ, ಮಣ್ಣು ತುಸು ತೇವವಿರುವಂತೆ ನೋಡಿಕೊಳ್ಳಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಮಾರ್ಚ್‌ನಲ್ಲಿ ನೆಟ್ಟ ಕಡ್ಡಿ ಮರು ಜನವರಿಗೆ ಹೂ ಕೊಡುವ ಗಿಡವಾಗುತ್ತದೆ. ಮುದಿಯಾಗಿ ಬುಡ ಬೋಳಾದ ಗಿಡವನ್ನು ಉಳಿಸಲು ಹೆಣಗುವುದಕ್ಕಿಂತ ಎರಡು ವರ್ಷಕ್ಕೊಮ್ಮೆ ಹೊಸ ಕಡ್ಡಿಯಿಂದ ಗಿಡ ಮಾಡಿಕೊಳ್ಳುವುದು ಸುಲಭ.

ಹಿಟ್ಟುತಿಗಣೆ ಕಂಡರೆ ಒದ್ದೆ ಹತ್ತಿಯಿಂದ ಒರೆಸಿ ತೆಗೆಯಿರಿ. ಹೆಚ್ಚಾದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಎಲೆಯ ಮೇಲೆ ಬೂದಿ ಉದುರಿಸಿದಂತೆ ಕಂಡರೆ ಅದು ಬೂದಿರೋಗ. ಅಂಥ ಎಲೆ ಕಿತ್ತು ಹಾಕಿ, ಗಾಳಿಯಾಡುವ ಕಡೆ ಇಡಿ.

ಆಡಿನ ಬಾಯಿಗೆ ಬೀಳದಿರಲಿ

ಇದು ಈ ಬರಹದಲ್ಲಿ ಮರೆಯಬಾರದ ಮಾತು. ಕಲಂಚೋ ಕುಲದ ಗಿಡಗಳಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಸ್ತುಗಳಿವೆ. ಹೂವಿನಲ್ಲಿ ಅದು ಎಲೆಗಿಂತ ಹೆಚ್ಚು. ಮಡಗಾಸ್ಕರಿನಿಂದಲೇ ಅಲಂಕಾರಕ್ಕೆಂದು ತಂದು ಆಸ್ಟ್ರೇಲಿಯದಲ್ಲಿ ಕಳೆಯಾಗಿ ಹಬ್ಬಿದ ಮದರ್ ಆಫ್ ಮಿಲಿಯನ್ಸ್ ಎಂಬ ಕಲಂಚೋ ಇದೆ. 1997ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮೊರೀ ಬಳಿ ಅದನ್ನು ಮೇಯ್ದು 125 ದನಗಳು ಸತ್ತವು. ದಕ್ಷಿಣ ಆಫ್ರಿಕಾದಲ್ಲಿ ಈ ಕುಟುಂಬದ ಗಿಡಗಳನ್ನು ಸ್ವಲ್ಪ ಸ್ವಲ್ಪವಾಗಿ ಮೇಯ್ದ ಕುರಿ ಆಡುಗಳಿಗೆ ಬರುವ ರೋಗಕ್ಕೆ ಒಂದು ಹೆಸರೇ ಇದೆ, ಕ್ರಿಂಪ್‌ಸೀಕ್ಟ. ಆಡುಗಳು ಬೆನ್ನು ಬಾಗಿ, ನಿಲ್ಲಲಾರದೆ ಮಲಗಿಬಿಡುತ್ತವೆ.

ನಮ್ಮ ಹಳ್ಳಿಯ ಮನೆಗಳಲ್ಲಿ ಹಿತ್ತಿಲಿನಲ್ಲಿ ಎರಡು ಆಡು ಕಟ್ಟುವುದು ಸಾಮಾನ್ಯ. ಕತ್ತರಿಸಿದ ಸೊಪ್ಪನ್ನೆಲ್ಲ ಆಡಿನ ಮುಂದೆ ಎಸೆಯುವ ಅಭ್ಯಾಸ ನಮಗೆಲ್ಲ ಇದೆ. ಕಲಂಚೋ ಕತ್ತರಿಸಿದಾಗ ಮಾತ್ರ ಹಾಗೆ ಮಾಡಬೇಡಿ. ಕಡ್ಡಿ, ಹೂ, ಎಲೆ ಎಲ್ಲವನ್ನೂ ಗುಂಡಿ ತೆಗೆದು ಮುಚ್ಚಿ. ನನ್ನ ಕಿತ್ತಳೆ ಕುಂಡ ಸೌದೆಕೊಟ್ಟಿಗೆಯಲ್ಲಿದ್ದಾಗ ಪಕ್ಕದ ಮನೆಯ ಆಡುಗಳು ದಿನವೂ ಅಲ್ಲೇ ಸುಳಿದಾಡುತ್ತಿದ್ದವು. ಅವು ಅದಕ್ಕೆ ಬಾಯಿ ಹಾಕಲಿಲ್ಲವೆಂಬುದು ನನ್ನ ಪುಣ್ಯ. ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ. ಬೆಕ್ಕು ಸಾಕುವವರು, ತೆವಳುವ ಮಕ್ಕಳಿರುವವರು ಕೈಗೆ ಎಟುಕದ ಎತ್ತರದಲ್ಲಿ ಇಡಿ.

ಇನ್ನೊಂದು ಎಚ್ಚರಿಕೆ. ಮೂತ್ರಕೋಶದ ಕಲ್ಲಿಗೆ ಕಾಡುಬಸಳೆ ಎಲೆ ತಿನ್ನುವ ರೂಢಿ ನಮ್ಮಲ್ಲಿದೆ. ಎರಡೂ ಒಂದೇ ಜಾತಿಯಂತೆ ಎಂದು ಹೂವಿನ ಕಲಂಚೋವನ್ನು ಅದಕ್ಕೆ ಬದಲಾಗಿ ತಿನ್ನುವುದು ಅಪಾಯ. ನರ್ಸರಿಯ ಔಷಧಿಗಳ ಮಾತು ಬೇರೆಯೇ ಇದೆ. ಕಾಡುಬಸಳೆಯನ್ನೂ ವೈದ್ಯರನ್ನು ಕೇಳದೆ ತಿನ್ನದಿರುವುದು ಲೇಸು, ಅದರಲ್ಲೂ ಹೃದಯದ ಮಾತ್ರೆ ತೆಗೆದುಕೊಳ್ಳುವವರು.

ದೀಪ ಉರಿಯಲಿ, ಕುಂಡ ಸರಿಯಲಿ

ಕಳೆದ ಅಕ್ಟೋಬರಿನಲ್ಲಿ ದಂಡೆಯ ಮೇಲಿನ ಗಿಡಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. "ದೀಪ ಹತ್ತು ಗಂಟೆಗೇ ಆರಿಸಿದರೆ ಆಗುವುದಿಲ್ಲವೇ?" ಎಂದು ಮೆಲ್ಲನೆ ಕೇಳಿದೆ. ಉಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ನನಗೇ ನಾಚಿಕೆಯಾಯಿತು. ಹತ್ತಕ್ಕೆ ಆರಿಸಿದರೂ ಗಿಡಕ್ಕೆ ಪ್ರಯೋಜನವಿರಲಿಲ್ಲ, ಅದಕ್ಕೆ ಕತ್ತಲು ಬೇಕಾದದ್ದು ಸಂಜೆಯಿಂದಲೇ.

ಕುಂಡಗಳನ್ನೇ ಸರಿಸಿದೆ. ಸೌದೆಕೊಟ್ಟಿಗೆಯ ಗೋಡೆಗೆ, ಆಡಿನ ಬಾಯಿ ತಲುಪದ ಎತ್ತರದಲ್ಲಿ ಒಂದು ಹಲಗೆ ಹೊಡೆಸಿ ಮೂರನ್ನೂ ಅಲ್ಲಿಟ್ಟೆ. ಅದಕ್ಕೂ ಮುಂಚೆ, ಮೇ ತಿಂಗಳಿನಿಂದಲೇ ಕುಡಿ ಚಿವುಟುತ್ತ ಬಂದಿದ್ದೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಉಮ್ಮನೇ ಹಿತ್ತಿಲಿನಿಂದ ಕೂಗಿ ಕರೆದರು. ಹಳದಿಯಲ್ಲೂ ಕೆಂಪಿನಲ್ಲೂ ಸಾಸಿವೆ ಕಾಳಿನಂಥ ಮೊಗ್ಗುಗಳು ಎದ್ದಿದ್ದವು. ಮೊಗ್ಗು ಬಲಿತ ಮೇಲೆ ಕುಂಡಗಳನ್ನು ಮತ್ತೆ ಸಿಟೌಟಿಗೆ ತಂದೆವು. ಈ ಸಲ ಗಿಡಗಳು ಗೇಣಿಗಿಂತ ತುಸು ಎತ್ತರ, ಆದರೆ ದುಂಡಗಿದ್ದವು. ಜನವರಿಯಲ್ಲಿ ಅರಳಿದವು.

ಅಂದು ರಾತ್ರಿ ತಮ್ಮ ಬಂದಾಗ ಹನ್ನೆರಡು ದಾಟಿತ್ತು. ಬೈಕ್ ನಿಲ್ಲಿಸಿ, ಹೂಗಳನ್ನು ನೋಡಿ, "ಹೊಸತು ತಂದಿರಾ?" ಎಂದು ಕೇಳಿದ. "ಇಲ್ಲ ಮಗನೇ, ಹಳೆಯದೇ" ಎಂದರು ಉಮ್ಮ. ಅವನು ಒಳಗೆ ಬಂದ ಮೇಲೆ ಬಾಗಿಲು ಹಾಕಿ ದೀಪ ಆರಿಸಿದರು.